ಒಂದೇ ಚಾಪೆಯ ಹರಕೆ

ಜಾವಾ ಸೀಮೆಯ ಕ್ರೋಯಾ ಜಂಕ್ಷನ್ನಿನಿಂದ ಪಡುವಣಕ್ಕೆ ಹೋಗುವ ರೈಲುದಾರಿಯ ಮಗ್ಗುಲಲ್ಲೇ ಸುಕೇಸಿಯ ಮನೆ. ಮನೆಗೂ ಹಳಿಗೂ ನಡುವೆ ಒಂದು ಬಾಳೆಯ ಸಾಲು, ಒಂದು ಸಣ್ಣ ಕಾಲುವೆ, ಅಷ್ಟೆ. ರಂಜಾನಿನ ಉಪವಾಸ ಮುಗಿಸಿ, ಹಬ್ಬ ಕಳೆದು, ಅದರ ಮೇಲೆ ಶವ್ವಾಲ್ ತಿಂಗಳ ಆರು ಉಪವಾಸಗಳನ್ನೂ ಒಂದು ಬಿಡದೆ ಹಿಡಿದು, ಆಮೇಲೆ ಬರುವ ಕೆತುಪತ್ ಹಬ್ಬದ ದಿನ ಅವಳು ಮುಂಜಾವದ ನಮಾಜಿಗಿಂತ ಮುಂಚೆಯೇ ಒಲೆ ಹೊತ್ತಿಸಿದ್ದಳು. ತೆಂಗಿನ ಎಳೆಗರಿಯಲ್ಲಿ ಹೆಣೆದ ಪೊಟ್ಟಣಗಳಲ್ಲಿ ಅಕ್ಕಿ ತುಂಬಿ, ಕೆತುಪತ್ ಬೇಯಲೆಂದು ಹಂಡೆಗಿಳಿಸಿದ್ದಾಗಿತ್ತು. ಗರಿಯ ಹಸಿ ವಾಸನೆ ಮನೆಯೆಲ್ಲ ತುಂಬಿತ್ತು. ಪಕ್ಕದ ಒಲೆಯಲ್ಲಿ ತೆಂಗಿನ ಹಾಲಿನ ಕೋಳಿ ಸಾರು ಸಣ್ಣಗೆ ಕುದಿಯುತ್ತಿತ್ತು.

ಗಂಡ ರಮೆಲಾನ್ ಮರದಿಂದ ಇಳಿದು ಬಂದ. ತೆಂಗಿನ ಹೊಂಬಾಳೆ ಕೊಯ್ದು ನೀರಾ ಇಳಿಸಿ, ಅದನ್ನು ಕಾಯಿಸಿ ಬೆಲ್ಲ ಮಾಡುವುದು ಅವನ ಕಸುಬು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಷ್ಟೂ ಮರ ಹತ್ತಬೇಕು. ಹತ್ತದಿದ್ದರೆ ಮರ ಮುನಿಯುತ್ತದೆ. ಹಾಗಾಗಿ ಹೆಂಡತಿಯ ಆಯುಸ್ಸೆಲ್ಲ ರೈಲಿನಲ್ಲಿ ಕಳೆದರೂ ಅವನು ಒಮ್ಮೆಯೂ ರೈಲು ಹತ್ತಿದವನಲ್ಲ.

"ಕಾಂಗ್, ಚಾಪೆ ಹಾಸಿದೆಯಾ?" ಎಂದಳು ಸುಕೇಸಿ. ಆ ಸೀಮೆಯಲ್ಲಿ ಗಂಡನನ್ನೂ ಅಣ್ಣನಂಥವರನ್ನೂ ಕರೆಯುವುದು ಹಾಗೆ.

"ಹಾಸಿ ಆಯ್ತು. ಬೆಳಗಿಂದ ಇದು ನಾಲ್ಕನೇ ಸಲ ಕೇಳ್ತಿರೋದು."

"ದೊಡ್ಡದು ತಾನೇ? ಎಲ್ರೂ ಒಂದೇ ಚಾಪೆ ಮೇಲೆ ಕೂರಬೇಕು. ಎರಡು ಚಾಪೆ ಸೇರಿಸಿ ಹಾಸಿದ್ರೆ ಆಗಲ್ಲ."

"ಮಸೀದಿಯಿಂದ ಕೇಳಿ ತಂದಿದೀನಿ ಕೇಸಿ. ಇಡೀ ಬೀದಿ ಕೂತ್ಕೋಬಹುದು. ನೀನು ಉಸಿರು ಬಿಡು."

ಅವಳು ಉಸಿರು ಬಿಡದಿರುವುದಕ್ಕೆ ಕಾರಣವಿತ್ತು, ಅದು ಅವನಿಗೆ ಗೊತ್ತಿತ್ತು.

ರೈಲಿನಲ್ಲೇ ಬಾಣಲೆಯಿಟ್ಟು ಅನ್ನ ಹುರಿದು ಬಿಸಿಬಿಸಿ ಕೊಡುತ್ತಿದ್ದ ಕಾಲದಲ್ಲಿ ಸುಕೇಸಿ ಊಟದ ಬೋಗಿಯ ಅಡುಗೆಯವಳು. ಆ ಬೋಗಿಯಲ್ಲಿ ಅವರು ನಾಲ್ವರು. ಮುಖ್ಯಸ್ಥ ತರ್ಮುಜಿ. ಪ್ರಯಾಣಿಕರ ಸೀಟಿಗೆ ಊಟ ಒಯ್ಯುತ್ತಿದ್ದ ಸುಂಡಾ ಸೀಮೆಯ ಹುಡುಗಿ ನಿನಿಂಗ್. ತರಕಾರಿ ಹೆಚ್ಚುವುದಕ್ಕೂ ಪಾತ್ರೆ ತೊಳೆಯುವುದಕ್ಕೂ ವಾಕಿಜಾನ್. ಒಲೆಯ ಮುಂದೆ ಅವಳು. ತರ್ಮುಜಿಯ ಕಟ್ಟಳೆ ಒಂದೇ: ಗಾಡಿಯಲ್ಲಿ ಎಚ್ಚರವಿರುವ ಪ್ರಯಾಣಿಕ ಒಬ್ಬನೇ ಒಬ್ಬನಿದ್ದರೂ ನಮ್ಮಲ್ಲೊಬ್ಬರು ನಿಂತಿರಬೇಕು. ಹೀಗಾಗಿ ಅವರು ಸರದಿಯ ಮೇಲೆ, ಪಾತ್ರೆ ತೊಳೆಯುವ ತೊಟ್ಟಿಯ ಮೂಲೆಯಲ್ಲಿ, ನಿಂತೇ ಉಣ್ಣುತ್ತಿದ್ದರು. ಅಷ್ಟು ವರ್ಷ ಜೊತೆಗಿದ್ದ ನಾಲ್ವರು ಒಂದು ದಿನವೂ ಒಟ್ಟಿಗೆ ಕೂತು ಉಂಡವರಲ್ಲ.

ಒಂದು ಮಳೆಗಾಲದಲ್ಲಿ ಗಾಡಿಯ ಮುಂದಿನ ಏರಿಯೂ ಹಿಂದಿನ ಏರಿಯೂ ನೀರಿಗೆ ಸಡಿಲಾಗಿ, ಗಾಡಿ ಗದ್ದೆಗಳ ನಡುವೆ ಬೆಳಗಿನಿಂದ ಸಂಜೆಯವರೆಗೆ ನಿಂತುಬಿಟ್ಟಿತು. ಸುತ್ತ ಎತ್ತ ನೋಡಿದರೂ ಕೆಂಪು ನೀರು. ಮಕ್ಕಳು ಅಳುತ್ತಿದ್ದರು, ಹೆಂಗಸರು ದೇವರ ನಾಮ ಹೇಳುತ್ತಿದ್ದರು. ನಾಲ್ವರೂ ಬೋಗಿಯಲ್ಲಿದ್ದ ಅಕ್ಕಿಯನ್ನೆಲ್ಲ ಬೇಯಿಸಿ ಮೊದಲು ಮಕ್ಕಳಿಗೆ, ಆಮೇಲೆ ದೊಡ್ಡವರಿಗೆ ಹಂಚಿದರು. ಕೊನೆಗೆ ತಳ ಹಿಡಿದ ಸೀಕನ್ನು ಕೆರೆದು ಉಂಡೆ ಕಟ್ಟುತ್ತ ಸುಕೇಸಿ ಮನಸ್ಸಿನಲ್ಲೇ ಹರಕೆ ಹೊತ್ತಳು: "ದೇವರೇ, ಇವರನ್ನೆಲ್ಲ ಮನೆ ಮುಟ್ಟಿಸು. ಮುಟ್ಟಿಸಿದರೆ ನಮ್ಮ ಬೋಗಿಯವರನ್ನೆಲ್ಲ ನನ್ನ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಒಟ್ಟಿಗೆ ಕೂರಿಸಿ, ಹೊಟ್ಟೆ ತುಂಬ ಊಟ ಹಾಕುತ್ತೇನೆ."

ದೇವರು ಮುಟ್ಟಿಸಿದ. ಹರಕೆ ಮಾತ್ರ ಹಾಗೇ ಉಳಿಯಿತು. ಹಬ್ಬವೆಂದರೆ ಲೋಕಕ್ಕೆಲ್ಲ ಮನೆಗೆ ಹೋಗುವ ಗಡಿಬಿಡಿ, ರೈಲಿನವರಿಗೆ ಮನೆ ಬಿಟ್ಟಿರುವ ಕಾಲ. ಒಬ್ಬರಿಗೆ ರಜೆ ಸಿಕ್ಕರೆ ಇನ್ನೊಬ್ಬರಿಗೆ ಸಿಗದು. ಆಮೇಲೆ ಬೋಗಿಯ ಒಲೆಗಳೇ ಆರಿಹೋದವು. ಊಟ ಪೊಟ್ಟಣದಲ್ಲಿ ಬರತೊಡಗಿತು. ತರ್ಮುಜಿ ನಿವೃತ್ತನಾಗಿ ಕುತೋವಾರ್ಜೋ ಸೇರಿದ. ನಿನಿಂಗ್ ಬಾಂಡುಂಗಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಳು. ವಾಕಿಜಾನ್ ಗೊಂಬೊಂಗಿನ ಸಂತೆಯ ಪಕ್ಕದಲ್ಲಿ ಸೋತೋ ಸಾರಿನ ಅಂಗಡಿ ತೆರೆದ.

ಹರಕೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತಾದಾಗ ಸುಕೇಸಿ ಊರಿನ ಗುರುಗಳಾದ ಕ್ಯಾಯಿ ಮಸ್ದುಕಿಯವರನ್ನು ಕೇಳಿದ್ದಳು: "ಅದರ ಬದಲಿಗೆ ಅನಾಥ ಮಕ್ಕಳಿಗೆ ಊಟ ಹಾಕಿದ್ರೆ ಸಾಲದಾ ಗುರುಗಳೇ?"

"ಅನಾಥರಿಗೂ ಹಾಕಮ್ಮ, ಅದು ಬೇರೆ ಪುಣ್ಯ," ಎಂದಿದ್ದರು ಅವರು ನಗುತ್ತ. "ನೀನು ಮಾತು ಕೊಟ್ಟಿರೋದು ಯಾರ ಹೆಸರಲ್ಲಿ? ಅವರೆಲ್ಲ ಭೂಮಿ ಮೇಲೆ ಇದಾರಲ್ಲ? ಅವರನ್ನೇ ಕೂರಿಸು."

ಈಗ ತರ್ಮುಜಿ ಕಡಲು ದಾಟಿ ಲಾಂಪುಂಗಿನಲ್ಲಿರುವ ಮಗಳ ಮನೆಗೆ ಹೊರಟಿದ್ದ. ಬರುವ ವಾರ ಪ್ರಯಾಣ. ಎಪ್ಪತ್ತು ದಾಟಿದ ಮನುಷ್ಯ. ಇವತ್ತು ತಪ್ಪಿದರೆ ಮತ್ತೆಂದು? ಅದಕ್ಕೇ ಅವಳು ಎಲ್ಲರಿಗೂ ಫೋನು ಮಾಡಿ, ಬೇಡಿ, ಬೈದು, ಆಣೆ ಹಾಕಿ ಕರೆಸಿದ್ದಳು. ಹರಕೆಯ ವಿಷಯ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಹೇಳಿದರೆ ಅವರು ಬೀಗರ ಹಾಗೆ ಬಿಗಿದುಕೊಂಡು ಕೂತುಬಿಡುತ್ತಾರೆ, ಊಟದ ಸವಿಯೇ ಹೋಗುತ್ತದೆ ಎಂದು ಅವಳ ಲೆಕ್ಕ.

ಬಿಸಿಲು ಏರುವ ಹೊತ್ತಿಗೆ ನಿಲ್ದಾಣದ ಕಡೆಯಿಂದ ಒಂದು ಸೈಕಲ್ ರಿಕ್ಷಾ ಬಂತು. ಅದರಲ್ಲಿ ತರ್ಮುಜಿಯೂ ನಿನಿಂಗಳೂ, ಇಬ್ಬರ ತೊಡೆಯ ಮೇಲೂ ಒಂದು ಕುಕ್ಕೆ ಹಸಿ ಸೊಪ್ಪು. ತರ್ಮುಜಿ ಇಳಿದು ಕಪ್ಪು ಟೋಪಿ ಸರಿಮಾಡಿಕೊಂಡು, ಮೈಕಿನಲ್ಲಿ ಹೇಳುವವನ ಹಾಗೆ ಗಂಟಲು ಸರಿಪಡಿಸಿದ.

"ಗಾಡಿ ತಡವಾಗಿ ಬಂದದ್ದಕ್ಕೆ ವಿಷಾದಿಸುತ್ತೇವೆ."

"ನೀವ್ಯಾಕೆ ವಿಷಾದಿಸ್ತೀರಿ ಪಾಕ್?" ಸುಕೇಸಿ ಓಡಿಬಂದು ಅವನ ಕೈಗೆ ಹಣೆ ಮುಟ್ಟಿಸಿದಳು. ಹಿರಿಯರನ್ನು ಅಲ್ಲಿ ಪಾಕ್ ಎನ್ನುತ್ತಾರೆ. "ಓಡಿಸಿದ್ದು ನೀವಾ?"

"ಮೂವತ್ತು ವರ್ಷ ವಿಷಾದಿಸಿದ ಬಾಯಿ ಕಣಮ್ಮ. ಅದಕ್ಕೆ ಬೇರೆ ಮಾತು ಬರಲ್ಲ."

ನಿನಿಂಗ್ ಸುಕೇಸಿಯನ್ನು ಬಾಚಿ ತಬ್ಬಿಕೊಂಡಳು. ಹುಡುಗಿಯಾಗಿದ್ದವಳು ಈಗ ಎರಡು ಸುತ್ತು ದಪ್ಪಗಾಗಿದ್ದಳು. ನಗು ಮಾತ್ರ ಅದೇ. "ಯು ಕೇಸಿ! ನಂಗೆ ಅಂತ ನಾನೇ ಸೊಪ್ಪು ತಂದ್ಕೊಂಡೆ. ನೀವು ಜಾವಾದವರು ಸೊಪ್ಪನ್ನ ಬೇಯಿಸಿ ಬೇಯಿಸಿ ಅದರ ಪ್ರಾಣ ತೆಗೀತೀರಿ." ಅಕ್ಕ ಎನ್ನುವುದಕ್ಕೆ ಜಾವಾದವರಲ್ಲಿ ಯು ಎನ್ನುತ್ತಾರೆ.

"ಆಡಿಗೂ ನಿಂಗೂ ಏನೇ ವ್ಯತ್ಯಾಸ?" ಎಂದು ಬೇಲಿಯಾಚೆಯಿಂದ ದನಿ ಕೇಳಿತು. ವಾಕಿಜಾನ್ ಬೈಕು ನಿಲ್ಲಿಸುತ್ತಿದ್ದ. ಹೆಗಲ ಚೀಲದಿಂದ ಅವನದೇ ಜಾಲರಿಯ ಸೌಟಿನ ಹಿಡಿ ಇಣುಕುತ್ತಿತ್ತು. ಅವನು ಒಳಬಂದು ಎಲ್ಲರಿಗೂ ಕೈಜೋಡಿಸಿ ಹಬ್ಬದ ವಾಡಿಕೆಯಂತೆ ಕ್ಷಮೆ ಬೇಡಿದ. "ತಿಳಿದೋ ತಿಳೀದೆಯೋ ಮಾಡಿದ ತಪ್ಪನ್ನೆಲ್ಲ ಕ್ಷಮಿಸಿ ಯು. ನಿನ್ನ ಸಾರಿಗೆ ಉಪ್ಪು ಜಾಸ್ತಿ ಅಂತಿದ್ದೆನಲ್ಲ, ಅದೊಂದು ಬಿಟ್ಟು. ಅದು ತಪ್ಪಲ್ಲ, ನಿಜ."

"ಸೌಟು ಯಾಕೋ ತಂದೆ? ನಮ್ಮನೇಲಿ ಸೌಟಿಲ್ವಾ?"

"ಬೇರೆಯವರ ಸೌಟು ನನ್ನ ಕೈಗೆ ಒಗ್ಗಲ್ಲ."

ಸುಕೇಸಿಯ ಎದೆ ಹಗುರಾಯಿತು. ಮೂವರೂ ಬಂದಿದ್ದಾರೆ. ಚಾಪೆಯಿದೆ. ಊಟವಿದೆ. ಇನ್ನೇನು, ಕೂರುವುದೊಂದೇ ಬಾಕಿ.

"ಬನ್ನಿ, ಕೂತ್ಕೊಳ್ಳಿ, ಬಿಸಿ ಇರೋವಾಗಲೇ," ಎಂದು ಹೇಳಿ ಅವಳು ಕೆತುಪತ್ ತರಲು ಒಳಗೆ ಹೋದಳು. ಹೊರಗೆ ಬರುವಷ್ಟರಲ್ಲಿ ಚಾಪೆಯ ಮೇಲೆ ಕೂತದ್ದು ಪಕ್ಕದ ಮನೆಯ ಬೆಕ್ಕು ಒಂದೇ.

ವಾಕಿಜಾನ್ ಆಗಲೇ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದಿದ್ದ. ಹಿಟ್ಟಿನಲ್ಲಿ ಅದ್ದಿದ ಸೋಯಾಕಾಳಿನ ತೆಂಪೆ ಬಿಲ್ಲೆಗಳನ್ನು ಎಣ್ಣೆಗೆ ಬಿಟ್ಟು, ಅರೆ ಬೆಂದಾಗಲೇ ಎತ್ತಿ, ಒಂದನ್ನು ಬಾಯಿಗೆ ಹಾಕಿಕೊಂಡು ಹಸಿಮೆಣಸಿನಕಾಯಿ ಕಚ್ಚುತ್ತಿದ್ದ. "ಇದು ಬಾಣಲೆಯಿಂದ ಬಾಯಿಗೆ ಬರಬೇಕು ಯು. ಚಾಪೆವರೆಗೆ ಹೋದ್ರೆ ಸತ್ತುಹೋಗುತ್ತೆ."

ನಿನಿಂಗ್ ಟ್ರೇ ಹುಡುಕಿ ತೆಗೆದು ಅದರ ಮೇಲೆ ಬಟ್ಟಲುಗಳನ್ನು ಜೋಡಿಸಿ, ಹಬ್ಬದ ಭೇಟಿಗೆಂದು ಜಗುಲಿಗೆ ಬಂದಿದ್ದ ನೆರೆಯ ಹೆಂಗಸರಿಗೆ ಹಂಚುತ್ತಿದ್ದಳು. ಬಾಗುವ ಭಂಗಿಯೂ ಅದೇ, ಬಲಗೈಯ ಕೆಳಗೆ ಎಡಗೈ ಹಿಡಿಯುವುದೂ ಅದೇ. ನಡುನಡುವೆ ತಾನೂ ಒಂದು ತುಂಡು ಕೆತುಪತ್ತನ್ನು ಬಾಯಿಗೆ ಎಸೆದುಕೊಳ್ಳುತ್ತಿದ್ದಳು. ತರ್ಮುಜಿ ಬಾಗಿಲಲ್ಲಿ ಒರಗಿ ನಿಂತು, ಒಂದು ಕೈಯಲ್ಲಿ ಕೋಳಿಯ ಕಾಲು ಹಿಡಿದು, ಯಾರಿಗೇನು ಬೇಕೆಂದು ಎಲ್ಲರ ಮುಖ ನೋಡುತ್ತಿದ್ದ.

"ಪಾಕ್, ನೀವಾದ್ರೂ ಕೂತ್ಕೊಳ್ಳಿ."

"ಆಗಲಿ, ಆಗಲಿ. ಅವರದ್ದು ಮುಗೀಲಿ. ನನ್ನ ಸರದಿ ಆಮೇಲೆ."

ಅಷ್ಟರಲ್ಲಿ ಹಿತ್ತಲಿನ ಹಳಿಯ ಮೇಲೆ ಗೂಡ್ಸ್ ಗಾಡಿ ಬಂತು. ನೆಲ ನಡುಗಿತು. ಮೂವರೂ ಒಮ್ಮೆಗೇ ಕಾಲು ಅಗಲಿಸಿ ನಿಂತರು. ತರ್ಮುಜಿ ಬಾಗಿಲ ಚೌಕಟ್ಟು ಹಿಡಿದ, ನಿನಿಂಗ್ ಟ್ರೇಯನ್ನು ಎದೆಯ ಮಟ್ಟಕ್ಕೆ ಎತ್ತಿದಳು, ವಾಕಿಜಾನ್ ಮೊಣಕಾಲು ಸ್ವಲ್ಪ ಮಡಿಸಿ ಬಾಣಲೆಯ ಹಿಡಿ ಬಿಗಿ ಮಾಡಿದ. ಗಾಡಿ ದಾಟಿಹೋದ ಮೇಲೆ ಮತ್ತೆ ಏನೂ ಆಗದವರ ಹಾಗೆ ಕೆಲಸ ಮುಂದುವರಿಸಿದರು. ನೋಡುತ್ತಿದ್ದ ರಮೆಲಾನ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮನೆ ಎಲ್ಲಿಗ್ರಪ್ಪಾ ಹೊರಟಿದೆ? ನಂಗೂ ಹೇಳಿ, ಒಂದು ಅಂಗಿ ಹಾಕ್ಕೊಂಡು ಬರ್ತೀನಿ!"

ಎಲ್ಲರೂ ನಕ್ಕರು, ಸುಕೇಸಿಯೊಬ್ಬಳನ್ನು ಬಿಟ್ಟು. ಅವಳ ಕಣ್ಣು ಕೋಳಿಯ ಪಾತ್ರೆಯ ಮೇಲಿತ್ತು. ಪಾತ್ರೆ ಬರಿದಾಗುತ್ತಿತ್ತು. ಇವರು ಹೀಗೇ ಒಬ್ಬೊಬ್ಬರಾಗಿ, ನಿಂತು, ನಡೆಯುತ್ತ, ನಗುತ್ತ ಹೊಟ್ಟೆ ತುಂಬಿಸಿಕೊಂಡು, ಅಸರ್ ನಮಾಜಿನ ಇಳಿಹೊತ್ತಿನ ಗಾಡಿಗೆ ಹೊರಟುಬಿಟ್ಟರೆ? ಊಟ ಹಾಕಿದಂತಾಯಿತು, ಹರಕೆ ತೀರಿದಂತಾಗಲಿಲ್ಲ. ನಾಳೆ ಆ ದೇವರ ಮುಂದೆ ನಿಂತಾಗ ಅವಳು ಏನು ಹೇಳಬೇಕು? ಬಂದಿದ್ದರು, ಆದರೆ ಕೂರಲಿಲ್ಲ ಎಂದೇ?

ಅವಳು ಸೌಟಿನಿಂದ ಪಾತ್ರೆಯ ಅಂಚಿಗೆ ಢಣ್ ಎಂದು ಹೊಡೆದಳು. ಬೋಗಿಯಲ್ಲಿ ಊಟ ಸಿದ್ಧವಾದಾಗ ಹೊಡೆಯುತ್ತಿದ್ದದ್ದು ಹಾಗೆಯೇ. ಮೂವರೂ ಬೆಚ್ಚಿ ತಿರುಗಿದರು.

"ಇನ್ನು ಯಾರಾದ್ರೂ ಒಂದು ತುತ್ತು ನಿಂತ್ಕೊಂಡು ತಿಂದ್ರೆ ನೋಡಿ! ವಾಕಿಜಾನ್, ಒಲೆ ಆರಿಸು. ನಿನಿಂಗ್, ಟ್ರೇ ಇಡು. ಪಾಕ್, ನೀವು ದೊಡ್ಡವರು, ನಿಮಗೆ ಹೇಳೋ ಹಾಗಿಲ್ಲ, ಆದ್ರೂ ಹೇಳ್ತೀನಿ, ಆ ಕೋಳಿ ಕಾಲು ಕೆಳಗಿಡಿ!"

"ಏನಾಯ್ತೇ ಇವಳಿಗೆ?" ಎಂದು ವಾಕಿಜಾನ್ ಪಿಸುಗುಟ್ಟಿದ.

ಸುಕೇಸಿ ಆಗ ಹೇಳಿಬಿಟ್ಟಳು. ಆ ಮಳೆಯ ದಿನ, ಕೆಂಪು ನೀರು, ಸೀಕು ಕೆರೆಯುತ್ತ ಮನಸ್ಸಿನಲ್ಲಿ ಆಡಿದ ಮಾತು, ಗುರುಗಳು ಕೊಟ್ಟ ಉತ್ತರ, ಎಲ್ಲವನ್ನೂ ಹೇಳಿದಳು.

ಎಣ್ಣೆ ಸಣ್ಣಗೆ ಚಿಟಗುಟ್ಟುತ್ತಿತ್ತು. ವಾಕಿಜಾನ್ ಒಲೆ ಆರಿಸಿದ. ನಿನಿಂಗ್ ಕಣ್ಣೊರೆಸಿಕೊಂಡು ಬಂದು ಚಾಪೆಯ ಮೇಲೆ ಕೂತಳು, ಬೆಕ್ಕು ಜಾಗ ಬಿಟ್ಟಿತು. ವಾಕಿಜಾನನೂ ಬಂದು ಕೂತ. ತರ್ಮುಜಿ ಮಾತ್ರ ಬಾಗಿಲಲ್ಲೇ ನಿಂತಿದ್ದ.

"ನಾನು ಕೂರಲ್ಲ," ಎಂದ.

"ಪಾಕ್!"

"ಅವತ್ತು ನೀನು ಸೀಕಿನಲ್ಲಿ ಮೂರು ಉಂಡೆ ಕಟ್ಟಿದೆ. ನಾವು ನಾಲ್ಕು ಜನ. ನಾನು ನೋಡ್ತಾನೇ ಇದ್ದೆ. ನಮಗೆ ಮೂವರಿಗೂ ಕೊಟ್ಟು, ನಂದು ಆಯ್ತು ಅಂತ ಸುಳ್ಳು ಹೇಳಿ ಖಾಲಿ ಬಾಣಲೆ ತೊಳೆಯೋಕೆ ಹೋದೆ. ಮನೆ ಮುಟ್ಟೋವರೆಗೂ ನನಗೆ ನಿನ್ನ ಮೇಲೆ ಸಿಟ್ಟಿತ್ತು ಕಣಮ್ಮ. ಇವತ್ತೂ ಸೌಟು ಹಿಡ್ಕೊಂಡು ನಿಂತಿದೀಯ. ಬೋಗಿಯವರೆಲ್ಲ ಅಂದ್ರೆ ಅದರಲ್ಲಿ ನೀನಿಲ್ವಾ? ಅಡುಗೆಯವಳು ಕೂತ್ರೆ ಮುಖ್ಯಸ್ಥ ಕೂರ್ತಾನೆ."

ಸುಕೇಸಿ ಬೆಪ್ಪಾದಳು. ಇಷ್ಟು ವರ್ಷ ಆ ಹರಕೆಯನ್ನು ಹಗಲೂ ರಾತ್ರಿ ತಿರುವಿ ಹಾಕಿದ್ದರೂ, ಆ ಚಾಪೆಯ ಮೇಲೆ ತನ್ನನ್ನು ತಾನು ಒಮ್ಮೆಯೂ ಕಂಡಿರಲಿಲ್ಲ. ಅವಳ ಕಣ್ಣಿಗೆ ಬರುತ್ತಿದ್ದದ್ದು ಅವರ ಮೂರು ಬಟ್ಟಲುಗಳು, ತನ್ನ ಕೈಯಲ್ಲಿನ ಸೌಟು, ಅಷ್ಟೇ.

"ಸರಿ, ನಾನು ಕೂತ್ರೆ ಬಡಿಸೋರು ಯಾರು?"

"ನಾನು," ಎಂದು ನಿನಿಂಗ್ ತಟ್ಟನೆ ಎದ್ದಳು.

"ನೀನೆದ್ರೆ ನಾಲ್ಕು ಜನ ಕೂತಹಾಗೆ ಹೇಗಾಯ್ತು? ಕೂತ್ಕೋ, ನಾನು ಬಡಿಸ್ತೀನಿ," ಎಂದು ವಾಕಿಜಾನ್ ಎದ್ದ.

"ನೀನೂ ಅದರಲ್ಲಿ ಬರ್ತೀಯಲ್ಲೋ ದಡ್ಡ!" ಎಂದಳು ಸುಕೇಸಿ.

"ಹಾಗಾದ್ರೆ ಮಧ್ಯೆ ಇಟ್ಕೊಂಡು ನಾವೇ ಹಾಕ್ಕೊಳ್ಳೋಣ," ಎಂದಳು ನಿನಿಂಗ್.

"ಒಬ್ಬರಾದ್ರೂ ನಿಂತಿರಬೇಕಪ್ಪ," ಎಂದ ತರ್ಮುಜಿ, ತನಗೇ ನಾಚಿಕೆಯಾದವನಂತೆ. "ಯಾರೂ ನಿಂತಿಲ್ಲ ಅಂದ್ರೆ ನನ್ನ ಗಂಟಲಲ್ಲಿ ಅನ್ನ ಇಳಿಯಲ್ಲ. ಮನೇಲೂ ಅಷ್ಟೆ. ಬಡಿಸಿ ಮುಗಿಸಿ ಸೊಸೆಯೂ ಕೂತುಬಿಟ್ರೆ ನಾನು ಎದ್ದು ನಿಲ್ತೀನಿ. ಅವಳು ದಿನಾ ಬೈತಾಳೆ."

ಒಬ್ಬರು ಕೂತರೆ ಒಬ್ಬರು ಏಳುವ ಈ ಗಂಟನ್ನು ಬಿಡಿಸುವುದು ಹೇಗೆಂದು ಯಾರಿಗೂ ತೋಚಲಿಲ್ಲ.

ಆಗ ರಮೆಲಾನ್ ಮೂಲೆಯಿಂದ ಎದ್ದು ಬಂದ. ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡ. ಬಂದು ವಾಕಿಜಾನನ ಸೊಂಟದಿಂದ ಏಪ್ರನ್ ಬಿಚ್ಚಿ ತಾನು ಕಟ್ಟಿಕೊಂಡ. ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡ.

"ನಾನು ನಿಂತಿರ್ತೀನಿ," ಎಂದ. "ಎಲ್ರೂ ಕೂತ್ಕೊಳ್ಳಿ."

"ನಿಂಗೆ ಬಡಿಸೋಕೆ ಎಲ್ಲಿ ಬರುತ್ತೆ ಕಾಂಗ್?" ಎಂದಳು ಸುಕೇಸಿ.

"ಸೊಂಟಕ್ಕೆ ನೀರಾ ತುಂಬಿದ ಕೊಳವೆ ಕಟ್ಕೊಂಡು ಮರದ ತುದಿಯಿಂದ ಒಂದು ಹನಿ ಚೆಲ್ಲದೆ ಇಳಿಯೋನು ನಾನು. ನಿನ್ನ ಕೋಳಿ ಸಾರು ಯಾವ ಲೆಕ್ಕ? ಕೂತ್ಕೋ."

ಸುಕೇಸಿ ಕೂತಳು. ಕೂತ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡಳು. ತರ್ಮುಜಿ ಒಂದು ಗಳಿಗೆ ನಿಂತವನು, ರಮೆಲಾನನ ನೆಟ್ಟಗಿನ ಬೆನ್ನನ್ನು ನೋಡಿ, ನಿಧಾನವಾಗಿ ಮಂಡಿ ಮಡಿಸಿ ಅವಳ ಎದುರಿಗೆ ಕೂತ. ನಾಲ್ವರ ಮೊಣಕಾಲುಗಳೂ ಒಂದೇ ಚಾಪೆಯನ್ನು ಮುಟ್ಟಿದವು.

ರಮೆಲಾನ್ ಗಂಭೀರವಾಗಿ ನಿನಿಂಗಳ ಮುಂದೆ ಬಂದು ನಿಂತ. "ಟಿಕೆಟ್ ತೋರಿಸಿ."

"ಅಯ್ಯೋ ಕಾಂಗ್, ಟಿಕೆಟ್ ಕೇಳೋದು ಊಟದವರ ಕೆಲಸ ಅಲ್ಲ!"

"ನಂಗೇನು ಗೊತ್ತು? ನಾನು ರೈಲು ಹತ್ತಿದವನೇ ಅಲ್ಲ. ಟಿಕೆಟ್ ಇಲ್ದೋರಿಗೆ ಊಟ ಇಲ್ಲ."

ನಿನಿಂಗ್ ಕುಕ್ಕೆಯಿಂದ ಒಂದು ಸೊಪ್ಪಿನೆಲೆ ಕಿತ್ತು ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತೂತು ಮಾಡಿ ಹಿಂದಕ್ಕೆ ಕೊಟ್ಟ. ತರ್ಮುಜಿ ನಕ್ಕ ನಗುವಿಗೆ ಟೋಪಿ ಜಾರಿತು.

ತರ್ಮುಜಿಯೇ ಪ್ರಾರ್ಥನೆ ಹೇಳಿದ. ಅಂಗೈಗಳನ್ನು ಮೇಲೆತ್ತಿ, ಕೂಡಿಸಿದವನಿಗೆ, ಕಾಪಾಡಿದವನಿಗೆ, ಇಷ್ಟು ದಿನ ಕಾದುಕೊಂಡವನಿಗೆ ಕೃತಜ್ಞತೆ ಹೇಳಿದ. ಆ ದಿನ ಗಾಡಿಯಲ್ಲಿದ್ದು ಈಗ ಎಲ್ಲೆಲ್ಲೋ ಇರುವ ಹೆಸರು ತಿಳಿಯದ ಪ್ರಯಾಣಿಕರಿಗೂ ಒಳಿತಾಗಲಿ ಎಂದ. ನಾಲ್ವರೂ ಆಮೀನ್ ಎಂದು ಮುಖ ಸವರಿಕೊಂಡರು. ನಿಂತಿದ್ದವನೂ ಸೌಟನ್ನು ಕಂಕುಳಿಗೆ ಸೇರಿಸಿ ಮುಖ ಸವರಿಕೊಂಡ.

ಆಮೇಲೆ ಬಡಿಸತೊಡಗಿದ. ತರ್ಮುಜಿಯ ಬಟ್ಟಲಿಗೆ ಒಂದು ಸೌಟು ಸಾರು, ಎರಡು ಸೌಟು, ಮೂರನೆಯದು ಹಾಕುವಾಗ ನಾಲ್ವರೂ ಒಟ್ಟಿಗೆ ಕಿರುಚಿದರು:

"ಅರ್ಧ! ಅರ್ಧ ಸಾಕು!"

ರಮೆಲಾನ್ ಸೌಟು ಎತ್ತಿದವನು ಹಾಗೇ ನಿಂತ. "ಯಾಕೆ?"

ವಾಕಿಜಾನ್ ತಲೆ ಕೆರೆದುಕೊಂಡು, "ತಿರುವಿನಲ್ಲಿ ಚೆಲ್ಲುತ್ತಲ್ಲ..." ಎಂದ. ತನ್ನ ಅಂಗಡಿಯಲ್ಲೂ ಸೋತೋವನ್ನು ಅರ್ಧ ಬಟ್ಟಲಿಗೇ ಹಾಕಿ ಹಾಕಿ, ಗಿರಾಕಿಗಳಿಂದ ಜಿಪುಣ ಅನ್ನಿಸಿಕೊಂಡದ್ದು ಈಗ ಅವನಿಗೆ ಅರ್ಥವಾಯಿತು. "ಅಯ್ಯೋ ದೇವರೇ! ಅದಕ್ಕೇನಾ ಅವರು ಬೈಯೋದು!"

"ಈ ಮನೆಗೆ ತಿರುವಿಲ್ಲ," ಎಂದ ರಮೆಲಾನ್. "ಇದು ಎಲ್ಲಿಗೂ ಹೋಗಲ್ಲ. ನಾನು ತುಂಬಿಸ್ತೀನಿ."

ಅಂಚಿನವರೆಗೆ ತುಂಬಿಸಿದ. ತರ್ಮುಜಿಯ ಬಟ್ಟಲು, ನಿನಿಂಗಳದು, ವಾಕಿಜಾನನದು. ಕೊನೆಗೆ ಹೆಂಡತಿಯ ಮುಂದೆ ಬಾಗಿ, ಕೆತುಪತ್ತನ್ನು ಹೋಳು ಮಾಡಿ ಹಾಕಿ, ಅದರ ಮೇಲೆ ಕೋಳಿಯ ಎದೆಯ ತುಂಡನ್ನಿಟ್ಟು, ಸಾರು ಸುರಿದ. ತೆಂಗಿನ ಹಾಲಿನ ಮೇಲೆ ಹಳದಿ ಎಣ್ಣೆಯ ಚುಕ್ಕೆಗಳು ತೇಲಿದವು. ಸುಕೇಸಿ ಬಿಸ್ಮಿಲ್ಲಾ ಎಂದು ಬೆರಳಿಟ್ಟವಳು ತಟ್ಟನೆ ಹಿಂದಕ್ಕೆ ತೆಗೆದುಕೊಂಡಳು.

"ಅಮ್ಮಾ, ಸುಡುತ್ತೆ!"

"ಬಿಸಿ ಊಟ ಅಂದ್ರೆ ಸುಡುತ್ತೆ ಯು," ಎಂದಳು ನಿನಿಂಗ್. "ನೀನು ಯಾವತ್ತೂ ತಣ್ಣಗಾದ್ಮೇಲೆ ತಿಂದವಳು. ಊದ್ಕೊಂಡು ತಿನ್ನು."

ಅವಳು ಊದಿಕೊಂಡು ತಿಂದಳು. ಒಂದು ತುತ್ತು, ಇನ್ನೊಂದು. ತಾನು ಮಾಡಿದ ಸಾರು ಒಲೆಯಿಂದ ಇಳಿದ ಹೊತ್ತಿನಲ್ಲಿ ಹೀಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಎದುರಿಗೆ ತರ್ಮುಜಿ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದ, ಅವನ ಭುಜಗಳು ಸಡಿಲಾಗಿದ್ದವು. ನಿನಿಂಗ್ ಸೊಪ್ಪನ್ನು ಸಾಂಬಾಲ್ ಖಾರಕ್ಕೆ ಅದ್ದಿ ಅದ್ದಿ ಕರಂ ಕರಂ ಎಂದು ಕಡಿಯುತ್ತಿದ್ದಳು.

"ಉಪ್ಪು?" ಎಂದು ಸುಕೇಸಿ ವಾಕಿಜಾನನ ಕಡೆ ಹುಬ್ಬು ಹಾರಿಸಿದಳು.

ಅವನು ನಾಲಿಗೆ ಚಪ್ಪರಿಸಿ, ಮೇಲೆ ನೋಡಿ, ಕೆಳಗೆ ನೋಡಿ, "ಜಾಸ್ತಿ," ಎಂದ. "ಇನ್ನೊಂದು ಬಟ್ಟಲು ಹಾಕಿ ಕಾಂಗ್, ಸರಿಯಾಗಿ ನೋಡಿ ಹೇಳ್ತೀನಿ."

ಹೀಗೆ ಉಂಡರು. ಅವಸರವಿಲ್ಲದೆ, ಮಾತಿಗೆ ಮಾತು ಸೇರಿಸಿ, ಬೆರಳು ನೆಕ್ಕುತ್ತ, ಮತ್ತೆ ಹಾಕಿಸಿಕೊಳ್ಳುತ್ತ ಉಂಡರು. ಸುಕೇಸಿಯ ಗಂಟಲಿನ ಮುಳ್ಳು ಯಾವ ತುತ್ತಿನೊಡನೆ ಇಳಿದುಹೋಯಿತೋ ಅವಳಿಗೂ ತಿಳಿಯಲಿಲ್ಲ. ನೋಡಿಕೊಂಡಾಗ ಅದು ಇರಲಿಲ್ಲ. ಅಲ್ಹಮ್ದುಲಿಲ್ಲಾ ಎಂದು ಅವಳು ಮೆಲ್ಲಗೆ, ಯಾರಿಗೂ ಕೇಳದ ಹಾಗೆ ಹೇಳಿದಳು. ಕೇಳಬೇಕಾದವನಿಗೆ ಕೇಳಿತು.

ತರ್ಮುಜಿ ಕೊನೆಯ ಕೆತುಪತ್ತಿನ ತುಂಡಿನಿಂದ ಬಟ್ಟಲು ಸವರಿ, ಕೈ ತೊಳೆದುಕೊಂಡು, ಸುತ್ತ ನೋಡಿದ. ಅವನ ಕಣ್ಣು ಇನ್ನೂ ನಿಂತೇ ಇದ್ದ ರಮೆಲಾನನ ಮೇಲೆ ಬಿತ್ತು.

"ಪ್ರಯಾಣಿಕರದ್ದೆಲ್ಲ ಆಯ್ತು," ಎಂದ ಹಳೆಯ ಗತ್ತಿನಲ್ಲಿ. "ಇನ್ನು ಸಿಬ್ಬಂದಿ ಊಟ."

ಆ ಮಾತಿಗೇ ಕಾದಿದ್ದವರ ಹಾಗೆ ನಾಲ್ವರೂ ಒಟ್ಟಿಗೆ ಎದ್ದರು. ವಾಕಿಜಾನ್ ಏಪ್ರನ್ ಕಿತ್ತುಕೊಂಡು ಒಲೆಗೆ ಓಡಿದ. ನಿನಿಂಗ್ ರಮೆಲಾನನ ಭುಜ ಹಿಡಿದು ಚಾಪೆಯ ನಟ್ಟನಡುವೆ ಕೂರಿಸಿದಳು. ತರ್ಮುಜಿ ನೀರಿನ ಲೋಟ ಹಿಡಿದು ಬಾಗಿ ನಿಂತ. ಸುಕೇಸಿ ಸೌಟು ತೆಗೆದುಕೊಂಡಳು.

"ನೀರು ಬೇಕಾ ಕಾಂಗ್?"

"ಹಪ್ಪಳ ಹಾಕ್ಲಾ?"

"ತೆಂಪೆ ಬಂತು, ಬಾಯಿ ತೆರೀರಿ, ಬಿಸಿ ಬಿಸಿ!"

"ಒಬ್ಬೊಬ್ಬರಾಗಿ ಬನ್ರಪ್ಪಾ," ಎಂದು ರಮೆಲಾನ್ ಎರಡೂ ಕೈ ಎತ್ತಿ ನಗುತ್ತಿದ್ದ. "ನಂಗಿರೋದು ಒಂದೇ ಬಾಯಿ!"